ನಾಣ್ಯ ಬಿದ್ದ ಮೇಲೆ ಯಾರ ಮುಖ ಬಾಡುತ್ತದೆ? ಅಮೆರಿಕದ ಹೈಸ್ಕೂಲು ಚರ್ಚೆಗೆ ವಿಷಯ ಆರಿಸುವವರ ಪೀಕಲಾಟ

ಡೆನ್ಮಾರ್ಕ್‌ಗೆ ಸೇರಿದ ಗ್ರೀನ್‌ಲ್ಯಾಂಡ್ ತನಗೆ ಬೇಕು ಎಂದು ಡೊನಾಲ್ಡ್ ಟ್ರಂಪ್ ಹಠ ಹಿಡಿದಿರುವುದು ಎಲ್ಲರಿಗೂ ಗೊತ್ತಿರುವ ಸುದ್ದಿ. ಅದರ ಪಕ್ಕದಲ್ಲೇ ನಡೆದಿರುವ ಇನ್ನೊಂದು ಸಂಗತಿ ಅಷ್ಟಾಗಿ ಯಾರ ಕಣ್ಣಿಗೂ ಬಿದ್ದಿಲ್ಲ. ಅಮೆರಿಕದ ಸಾವಿರಾರು ಹೈಸ್ಕೂಲು ಮಕ್ಕಳು 2025-26ರ ಶಾಲಾ ವರ್ಷ ಪೂರ್ತಿ ಒಂದೇ ವಾಕ್ಯ ಹಿಡಿದುಕೊಂಡು ವಾದ ಮಾಡುತ್ತಾರೆ. ಕನ್ನಡಕ್ಕೆ ತಂದರೆ ಅದು ಹೀಗಿದೆ: "ಅಮೆರಿಕದ ಕೇಂದ್ರ ಸರ್ಕಾರವು ಆರ್ಕ್ಟಿಕ್ ಪ್ರದೇಶದಲ್ಲಿ ತನ್ನ ಅನ್ವೇಷಣೆ ಮತ್ತು/ಅಥವಾ ಅಭಿವೃದ್ಧಿ ಕೆಲಸವನ್ನು ಗಮನಾರ್ಹವಾಗಿ ಹೆಚ್ಚಿಸಬೇಕು."

ಗ್ರೀನ್‌ಲ್ಯಾಂಡ್ ಇರುವುದು ಉತ್ತರ ಧ್ರುವದ ಸುತ್ತಿನ ಈ ಆರ್ಕ್ಟಿಕ್‌ನಲ್ಲೇ. ಹಾಗಾಗಿ ಅನುಮಾನ ಬರುವುದು ಸಹಜ. ಇದು ಸರ್ಕಾರ ಮಕ್ಕಳ ಬಾಯಲ್ಲಿ ಹೇಳಿಸುತ್ತಿರುವ ಮಾತಾ? ಟ್ರಂಪ್ ಅವರನ್ನು ಕಂಡರಾಗದ ಮನೆಯ ಹುಡುಗಿ ಈ ವಾಕ್ಯದ ಪರವಾಗಿ ಯಾಕೆ ನಿಲ್ಲಬೇಕು? ಅವರನ್ನು ಮೆಚ್ಚುವ ಮನೆಯ ಹುಡುಗ ವಿರೋಧವಾಗಿ ಯಾಕೆ ಮಾತಾಡಬೇಕು? ಬೇ ಏರಿಯಾ, ಡಲ್ಲಾಸ್, ನ್ಯೂಜೆರ್ಸಿ ಕಡೆ ಮಕ್ಕಳನ್ನು ಡಿಬೇಟ್‌ಗೆ ಸೇರಿಸಿರುವ ಕನ್ನಡದ ಅಪ್ಪ ಅಮ್ಮಂದಿರಿಗೂ ಈ ಪ್ರಶ್ನೆ ಹೊಸದಲ್ಲ.

ಮೊದಲ ಅನುಮಾನಕ್ಕೆ ಉತ್ತರ ಸುಲಭ. ಸರ್ಕಾರದ ಕೈ ಇದರಲ್ಲಿಲ್ಲ. ಈ ವಿಷಯ ಮೇಜಿನ ಮೇಲೆ ಬಂದಾಗ ಟ್ರಂಪ್ ಎರಡನೇ ಸಲ ಗೆದ್ದೇ ಇರಲಿಲ್ಲ. ಉಳಿದ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಈ ವಾಕ್ಯಗಳು ಹುಟ್ಟುವ ಜಾಗಕ್ಕೇ ಹೋಗಿ ನೋಡಬೇಕು.

ವಾಕ್ಯ ಹುಟ್ಟುವ ಬಗೆ

ನಮ್ಮಲ್ಲಿ ಚರ್ಚಾಸ್ಪರ್ಧೆ ಎಂದರೆ ಆ ದಿನಕ್ಕೊಂದು ವಿಷಯ. ಮೇಷ್ಟ್ರು ಕೊಟ್ಟಿದ್ದು, ಇಲ್ಲವೇ ಬಿಇಒ ಕಚೇರಿಯಿಂದ ಬಂದಿದ್ದು. ಪರ ಮಾತಾಡ್ತೀಯಾ ವಿರೋಧ ಮಾತಾಡ್ತೀಯಾ ಎಂದು ಕೇಳುತ್ತಾರೆ, ಹೆಸರು ಬರೆದುಕೊಳ್ಳುತ್ತಾರೆ, ಮುಗಿಯಿತು. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಇಡೀ ದೇಶಕ್ಕೆ ಒಂದೇ ವಾಕ್ಯ. ಅದಕ್ಕೆ ರೆಸಲ್ಯೂಷನ್ ಎನ್ನುತ್ತಾರೆ.

ಮುಖ್ಯವಾಗಿ ಮೂರು ಬಗೆಯ ಸ್ಪರ್ಧೆಗಳಿವೆ. ಪಾಲಿಸಿ ಡಿಬೇಟ್ ಎಲ್ಲಕ್ಕಿಂತ ಹಳೆಯದು. ಇಬ್ಬಿಬ್ಬರ ತಂಡ, ವರ್ಷಕ್ಕೊಂದೇ ವಿಷಯ, ವಿಷಯ ಯಾವಾಗಲೂ ಸರ್ಕಾರ ಏನು ಮಾಡಬೇಕು ಎನ್ನುವುದರ ಬಗ್ಗೆ. ಎರಡನೆಯದು ಲಿಂಕನ್-ಡಗ್ಲಸ್. ಇದು ಒಬ್ಬರಿಗೆ ಒಬ್ಬರು. ನ್ಯಾಯ, ಹಕ್ಕು, ಕರ್ತವ್ಯದ ಪ್ರಶ್ನೆಗಳಿಗಾಗಿ 1980ರ ಹೊತ್ತಿಗೆ ಶುರುವಾಗಿದ್ದು. ಇಲ್ಲಿ ವಿಷಯ ಎರಡು ತಿಂಗಳಿಗೊಮ್ಮೆ ಬದಲಾಗುತ್ತದೆ. ಮೂರನೆಯದು 2002ರಲ್ಲಿ ಬಂದ ಪಬ್ಲಿಕ್ ಫೋರಂ. ಬೀದಿಯಲ್ಲಿ ಹೋಗುವ ಯಾರನ್ನಾದರೂ ಕರೆದು ತೀರ್ಪುಗಾರರಾಗಿ ಕೂರಿಸಿದರೂ ಅರ್ಥವಾಗಬೇಕು ಎಂಬ ಆಸೆಯಿಂದ ಮಾಡಿದ್ದು. ಇದರ ವಿಷಯ ಒಂದೆರಡು ತಿಂಗಳಿಗೆ ಬದಲಾಗುತ್ತದೆ, ಸಾಮಾನ್ಯವಾಗಿ ಪತ್ರಿಕೆಯ ಮೊದಲ ಪುಟದಿಂದಲೇ ಬರುತ್ತದೆ.

ಕೊನೆಯ ಎರಡರ ವಿಷಯ ನೋಡಿಕೊಳ್ಳುವುದು ನ್ಯಾಷನಲ್ ಸ್ಪೀಚ್ ಅಂಡ್ ಡಿಬೇಟ್ ಅಸೋಸಿಯೇಷನ್. 1925ರಲ್ಲಿ ವಿಸ್ಕಾನ್ಸಿನ್‌ನ ರಿಪನ್ ಎಂಬ ಸಣ್ಣ ಊರಿನಲ್ಲಿ ನ್ಯಾಷನಲ್ ಫೊರೆನ್ಸಿಕ್ ಲೀಗ್ ಎಂಬ ಹೆಸರಲ್ಲಿ ಹುಟ್ಟಿದ ಸಂಸ್ಥೆ ಇದು. ಟಿವಿಯಲ್ಲಿ ಫೊರೆನ್ಸಿಕ್ ಎಂದರೆ ಹೆಣ, ರಕ್ತ ಎನ್ನುವಂತಾದ ಮೇಲೆ 2014ರಲ್ಲಿ ಹೆಸರು ಬದಲಾಯಿತು. ಒಂದು ಸಮಿತಿ ಕೂತು ವಾಕ್ಯಗಳನ್ನು ತಿದ್ದುತ್ತದೆ. ಆಮೇಲೆ ಸದಸ್ಯ ಶಾಲೆಗಳ ಕೋಚ್‌ಗಳೂ ಮಕ್ಕಳೂ ಮತ ಹಾಕುತ್ತಾರೆ.

ಪಾಲಿಸಿ ಡಿಬೇಟ್‌ನ ವಿಷಯ ಬೇರೆ ದಾರಿಯಲ್ಲಿ ಬರುತ್ತದೆ. ಅದನ್ನು ನಡೆಸುವುದು ಇಂಡಿಯಾನಾಪೊಲಿಸ್‌ನಲ್ಲಿರುವ ರಾಜ್ಯ ಹೈಸ್ಕೂಲು ಸಂಘಗಳ ಒಕ್ಕೂಟ. ಶಾಲಾ ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್ ಆಟಗಳ ನಿಯಮ ಬರೆಯುವುದೂ ಇದೇ ಒಕ್ಕೂಟ! ಪ್ರತಿ ಆಗಸ್ಟ್‌ನಲ್ಲಿ ಸಭೆ. ಶಿಕ್ಷಕರು ಉದ್ದುದ್ದ ವರದಿ ಬರೆದುಕೊಂಡು ಬಂದು ತಮ್ಮ ವಿಷಯದ ಪರ ವಾದಿಸುತ್ತಾರೆ. ಐದು ವಿಷಯ ಉಳಿಯುತ್ತವೆ. ಮತದಾನ ನಡೆದು ಐದು ಎರಡಾಗುತ್ತವೆ, ಇನ್ನೊಂದು ಸುತ್ತು ಮತದಾನ ನಡೆದು ಜನವರಿ ಹೊತ್ತಿಗೆ ಒಂದು ಗೆಲ್ಲುತ್ತದೆ. ಅದು ಜಾರಿಗೆ ಬರುವುದು ಮುಂದಿನ ಶಾಲಾ ವರ್ಷಕ್ಕೆ. ಅಂದರೆ 2025-26ರ ಆರ್ಕ್ಟಿಕ್ ವಿಷಯ ಸಭೆಗೆ ಬಂದಿದ್ದು 2024ರ ಆಗಸ್ಟ್‌ನಲ್ಲಿ. ಗ್ರೀನ್‌ಲ್ಯಾಂಡ್ ಕೊಳ್ಳುವ ಮಾತು 2019ರಲ್ಲೇ ಒಂದು ಸಲ ಎದ್ದು ತಣ್ಣಗಾಗಿತ್ತು. ಟ್ರಂಪ್ ಅದನ್ನು ಮತ್ತೆ ಎತ್ತಿದ್ದು 2024ರ ಡಿಸೆಂಬರ್ ಕೊನೆಗೆ. ಅಷ್ಟರಲ್ಲಿ ವಿಷಯ ಕೊನೆಯ ಸುತ್ತಿಗೆ ಬಂದಾಗಿತ್ತು.

ಯಾವ ಕಡೆ ಎಂದು ಮಗು ಆರಿಸುವುದಿಲ್ಲ

ಇಡೀ ಜಗಳದ ಬೇರು ಇಲ್ಲಿದೆ. ಅಲ್ಲಿನ ಸ್ಪರ್ಧೆಯಲ್ಲಿ ಪರವೋ ವಿರೋಧವೋ ಎನ್ನುವುದು ಮಗುವಿನ ಇಷ್ಟಕ್ಕೆ ಬಿಟ್ಟಿದ್ದಲ್ಲ. ಪಬ್ಲಿಕ್ ಫೋರಂನಲ್ಲಿ ನಾಣ್ಯ ಚಿಮ್ಮುತ್ತಾರೆ. ಗೆದ್ದವರು ಕಡೆಯನ್ನೋ ಮಾತಿನ ಸರದಿಯನ್ನೋ ಆರಿಸಬಹುದು, ಸೋತವರಿಗೆ ಉಳಿದದ್ದೇ ಗತಿ. ಉಳಿದೆರಡರಲ್ಲಿ ಸ್ಪರ್ಧೆ ನಡೆಸುವವರೇ ಕಡೆ ಹಂಚುತ್ತಾರೆ. ಬೆಳಗ್ಗೆ ಒಂಬತ್ತಕ್ಕೆ ಪರ ಮಾತಾಡಿದವಳು ಹನ್ನೊಂದಕ್ಕೆ ವಿರೋಧ ಮಾತಾಡಬೇಕು. ಎರಡೂ ಸಲ ಅಷ್ಟೇ ಗಟ್ಟಿಯಾಗಿ.

ಇದು ಸರಿಯಾ ಎಂಬ ಜಗಳ ಹಳೆಯದು. 1954-55ರಲ್ಲಿ ಕಾಲೇಜು ತಂಡಗಳಿಗೆ ಕೊಟ್ಟ ವಿಷಯ, ಕಮ್ಯುನಿಸ್ಟ್ ಚೀನಾ ಸರ್ಕಾರಕ್ಕೆ ಅಮೆರಿಕ ರಾಜತಾಂತ್ರಿಕ ಮಾನ್ಯತೆ ಕೊಡಬೇಕು ಎಂಬುದು. ಕೊರಿಯಾ ಯುದ್ಧ ನಿಂತು ಒಂದು ವರ್ಷ ಆಗಿತ್ತಷ್ಟೆ. ಎಲ್ಲೆಲ್ಲೂ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸೆನೆಟರ್ ಮೆಕಾರ್ಥಿ ಕಾಲ. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ, ಅನ್ನಾಪೊಲಿಸ್ ನೌಕಾ ಅಕಾಡೆಮಿ ಎರಡೂ ತಮ್ಮ ಹುಡುಗರು ಈ ವಿಷಯ ಮಾತಾಡಕೂಡದು ಎಂದವು. ಶತ್ರುವಿನ ಪರ ನಮ್ಮ ಕೆಡೆಟ್ ಬಾಯಿ ಬಿಡುವುದೆಂದರೇನು ಎಂಬ ಭಾವನೆ.

ಆಗ ಶಿಕ್ಷಕರಲ್ಲೇ ಎರಡು ಬಣ ಆಯಿತು. ಒಂದು ಬಣ ಹೇಳಿದ್ದು: ನಾಲಿಗೆ ಒಂದು ಕಡೆ ಮನಸ್ಸು ಒಂದು ಕಡೆ ಇರುವುದನ್ನು ಶಾಲೆಯೇ ಕಲಿಸಬಾರದು. ನಾಲ್ಕು ಜನರ ಮುಂದೆ ನಿಂತು ಹೇಳಿದ ಮಾತು ನಮ್ಮ ಮಾತಾಗಿರಬೇಕು. ಇನ್ನೊಂದು ಬಣದ್ದು: ಇದು ಸಾರ್ವಜನಿಕ ಭಾಷಣವೇ ಅಲ್ಲ, ತಾಲೀಮು. ಎದುರು ಕಡೆಯ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಬಲ್ಲವನಿಗೆ ಮಾತ್ರ ತನ್ನ ಕಡೆ ಯಾಕೆ ಸರಿ ಎಂದು ಗೊತ್ತಿರುತ್ತದೆ. ಕೊನೆಗೆ ಎರಡನೇ ಬಣವೇ ಗೆದ್ದಿತು. ಅಂದ ಹಾಗೆ, 1979ರ ಜನವರಿ 1ರಂದು ಅಮೆರಿಕ ಅದೇ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಕೆಡೆಟ್‌ಗಳು ಬಾಯಿ ಬಿಡಬಾರದಾಗಿದ್ದ ಮಾತು ಇಪ್ಪತ್ತೈದು ವರ್ಷದೊಳಗೆ ದೇಶದ ನೀತಿಯಾಯಿತು.

ಎರಡೂ ಕಡೆ ಮಾತಾಡುವ ಪದ್ಧತಿ ಉಳಿದಿದ್ದರಿಂದ ಒಂದು ಹೊರೆ ಜಾಗ ಬದಲಿಸಿತು. ಮಗು ವಿಷಯವನ್ನು ಒಬ್ಬಳೇ ಆರಿಸುವಂತಿಲ್ಲ, ಕಡೆಯನ್ನಂತೂ ಬಹುಪಾಲು ಆರಿಸುವಂತೆಯೇ ಇಲ್ಲ. ಒಲ್ಲೆ ಎಂದರೆ ಸೋತ ಹಾಗೆ. ಆದ್ದರಿಂದ ಮನಸ್ಸಾಕ್ಷಿಯ ಲೆಕ್ಕವೆಲ್ಲ ವಾಕ್ಯ ಬರೆಯುವವರ ತಲೆಗೆ ಬಂತು. ನಾಣ್ಯ ಬಿದ್ದಾಗ ಎರಡೂ ಮಕ್ಕಳ ಮುಖ ಹೆಚ್ಚುಕಮ್ಮಿ ಒಂದೇ ಥರ ಇರಬೇಕು. ಒಬ್ಬಳು ಸದ್ಯ ಬಚಾವಾದೆ ಎಂದು ಉಸಿರು ಬಿಟ್ಟು, ಇನ್ನೊಬ್ಬಳ ಮುಖ ಬಾಡಿದರೆ ವಾಕ್ಯ ಕೆಟ್ಟಿದೆ ಎಂದೇ ಅರ್ಥ.

"ಬೇಷರತ್" ಎಂಬ ಒಂದು ಪದ

ಮುಖ ಬಾಡದ ಹಾಗೆ ಬರೆಯುವುದು ಹೇಗೆ? 2021ರ ನವೆಂಬರ್-ಡಿಸೆಂಬರ್‌ನ ಲಿಂಕನ್-ಡಗ್ಲಸ್ ವಿಷಯ ನೋಡಿ: "ನ್ಯಾಯಯುತ ಸರ್ಕಾರವು ಕಾರ್ಮಿಕರ ಬೇಷರತ್ ಮುಷ್ಕರದ ಹಕ್ಕನ್ನು ಮಾನ್ಯ ಮಾಡಬೇಕು."

ಓದಿದ ಕೂಡಲೇ "ಬೇಷರತ್ ಅಂದರೆ ಜಾಸ್ತಿಯಾಯ್ತು" ಅನ್ನಿಸುತ್ತದೆ ಅಲ್ವಾ? ಆ ಪದವನ್ನು ಒಮ್ಮೆ ತೆಗೆದು ನೋಡಿ. ನ್ಯಾಯಯುತ ಸರ್ಕಾರವು ಕಾರ್ಮಿಕರ ಮುಷ್ಕರದ ಹಕ್ಕನ್ನು ಮಾನ್ಯ ಮಾಡಬೇಕು. ಈಗ ವಿರೋಧ ಮಾತಾಡುವ ಹುಡುಗ ಏನು ಹೇಳಬೇಕು? ಕಾರ್ಮಿಕರಿಗೆ ಹಕ್ಕೇ ಬೇಡ ಅನ್ನಬೇಕು. ಪಾಪ, ಕಡೆ ಹಂಚಿದಾಗಲೇ ಸೋತ. ಬೇಷರತ್ ಎಂಬ ಪದ ಬಂದ ಮೇಲೆ ಅವನಿಗೂ ಕಾಲೂರಲು ಜಾಗ ಸಿಗುತ್ತದೆ. ಮುಷ್ಕರದ ಹಕ್ಕನ್ನು ನಾನೂ ಒಪ್ಪುತ್ತೇನೆ, ಆದರೆ ಆಂಬುಲೆನ್ಸ್ ಓಡಿಸುವವರು, ತುರ್ತು ಚಿಕಿತ್ಸೆಯ ನರ್ಸ್‌ಗಳು, ಬೆಂಕಿ ಆರಿಸುವವರಿಗೆ ಒಂದಷ್ಟು ಕಟ್ಟುಪಾಡು ಇರಲಿ ಎನ್ನಬಹುದು. ಪರ ಮಾತಾಡುವವಳು ಸುಮ್ನೆ ಕೂರುವುದಿಲ್ಲ. ಷರತ್ತಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳುತ್ತಾಳೆ. 1981ರಲ್ಲಿ ವಿಮಾನ ಸಂಚಾರ ನಿಯಂತ್ರಕರು ಮುಷ್ಕರ ಹೂಡಿದಾಗ ಅಧ್ಯಕ್ಷ ರೇಗನ್ 11 ಸಾವಿರಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆದುಹಾಕಿದ್ದು ಕಾನೂನಿನ ಬಲದಿಂದಲೇ ಎಂದು ನೆನಪಿಸುತ್ತಾಳೆ. ಅದೇ 2021ರ ಏಪ್ರಿಲ್‌ನಲ್ಲಿ ನಮ್ಮ ಸಾರಿಗೆ ನೌಕರರು ಬಸ್ ನಿಲ್ಲಿಸಿ ಎಸ್ಮಾ (ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಕಾನೂನು) ಮಾತು ಕೇಳಿಬಂದಾಗ ಕರ್ನಾಟಕದಲ್ಲಿ ನಡೆದ ವಾದವೂ ಹೆಚ್ಚುಕಮ್ಮಿ ಇದೇ.

ಹೀಗೆ ಅತಿ ಎನಿಸಿದ ಪದವೇ ತಕ್ಕಡಿಯನ್ನು ಸಮ ಮಾಡಿತು. ಹೊರಗಿನವರಿಗೆ ಇದು ಕಾಣುವುದಿಲ್ಲ. ಶಾಲೆಯಲ್ಲಿ ಎಂಥಾ ಉಗ್ರ ವಿಷಯ ಕೊಟ್ಟಿದ್ದಾರೆ ಎಂದು ಮನೆಯವರು ಗೊಣಗುವ ಎಷ್ಟೋ ವಾಕ್ಯಗಳಲ್ಲಿ ಆ ಉಗ್ರ ಪದ ಇರುವುದು ಎದುರಾಳಿಯನ್ನು ಕಾಪಾಡಲಿಕ್ಕೆ.

ಕ್ರಿಯಾಪದದ ಆಯ್ಕೆಯೂ ಸುಮ್ಮನೆ ಬಂದದ್ದಲ್ಲ. ಕನ್ನಡದಲ್ಲಿ ಎಲ್ಲದಕ್ಕೂ "ಬೇಕು" ಒಂದೇ ಸಾಕು. ಇಂಗ್ಲಿಷಿನಲ್ಲಿ ಲಿಂಕನ್-ಡಗ್ಲಸ್ ವಾಕ್ಯಗಳು "ಆಟ್" ಎನ್ನುತ್ತವೆ, ಪಾಲಿಸಿ ವಾಕ್ಯಗಳು "ಶುಡ್" ಎನ್ನುತ್ತವೆ. ಮೊದಲನೆಯದಕ್ಕೆ ಧರ್ಮದ ವಾಸನೆ ಇದೆ: ಲಾಭ ನಷ್ಟ ಪಕ್ಕಕ್ಕಿಡಿ, ಮಾಡಬೇಕಾದ್ದು ಯಾವುದು? ಎರಡನೆಯದಕ್ಕೆ ವ್ಯವಹಾರದ ವಾಸನೆ: ಮಾಡಿದರೆ ಏನಾಗುತ್ತದೆ, ಖರ್ಚೆಷ್ಟು, ಯಾರಿಗೆ ಪೆಟ್ಟು? ಒಂದೇ ಸಮಸ್ಯೆಯನ್ನು ಒಂದರಲ್ಲಿ ನೀತಿಯ ಪ್ರಶ್ನೆಯಾಗಿ, ಇನ್ನೊಂದರಲ್ಲಿ ಸರ್ಕಾರಿ ಯೋಜನೆಯಾಗಿ ಕೊಡಬಹುದು. ಅಣ್ವಸ್ತ್ರ ಇಟ್ಟುಕೊಳ್ಳುವುದು ತಪ್ಪೇ ಎಂಬುದೂ, ಮುಂದಿನ ಬಜೆಟ್‌ನಲ್ಲಿ ಕ್ಷಿಪಣಿಗೆ ಹಣ ಇಡಬೇಕೇ ಎಂಬುದೂ ಬೇರೆ ಬೇರೆ ತಯಾರಿ ಕೇಳುತ್ತವೆ.

ಆರ್ಕ್ಟಿಕ್ ವಾಕ್ಯದಲ್ಲೂ ಇಂಥದ್ದೊಂದು ಪುಟ್ಟ ಪದ ಇದೆ, "ತನ್ನ". ಅಲಾಸ್ಕಾದಲ್ಲಿ ಬಂದರು ಕಟ್ಟುವುದು, ಹಿಮ ಒಡೆಯುವ ಹಡಗು ಹೆಚ್ಚಿಸುವುದು ಅಮೆರಿಕದ ಅಭಿವೃದ್ಧಿ ಕೆಲಸ, ಅದರಲ್ಲಿ ತಕರಾರಿಲ್ಲ. ಅಮೆರಿಕದ ಕೋಸ್ಟ್ ಗಾರ್ಡ್ ಬಳಿ ಇರುವ ಒಂದೇ ಒಂದು ಭಾರೀ ಐಸ್‌ಬ್ರೇಕರ್ ಪೋಲಾರ್ ಸ್ಟಾರ್ 1976ರದ್ದು. ಅದರ ಮೇಲೆ ಒಳ್ಳೇ ವಾದವನ್ನೇ ಕಟ್ಟಬಹುದು. ಆದರೆ ಒಂದು ತಂಡ ಗ್ರೀನ್‌ಲ್ಯಾಂಡ್ ಕೊಳ್ಳುವ ಯೋಜನೆ ತಂದರೆ? ಎದುರಿನವರು ಏಳುತ್ತಾರೆ: ಜಾಗ ಕೊಳ್ಳುವುದು ಅಭಿವೃದ್ಧಿ ಹೇಗಾಗುತ್ತದೆ? ಇನ್ನೊಂದು ದೇಶದ ನೆಲದಲ್ಲಿ ನಡೆಯುವುದು "ತನ್ನ" ಕೆಲಸ ಹೇಗಾಗುತ್ತದೆ? ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂಬ ಮಾತಿಗೆ ಮೊದಲು, ಇದು ವಾಕ್ಯದ ಬೇಲಿಯೊಳಗಿದೆಯೇ ಎಂದೇ ಅರ್ಧ ಸುತ್ತು ಕಳೆದುಹೋಗಬಹುದು. ವಾಕ್ಯ ಬರೆದವರಿಗೆ ಒಂದೊಂದು ಪದ ತಲೆನೋವಾಗುವುದು ಇದಕ್ಕೇ.

2010ರ ನವೆಂಬರ್: ವಿಷಯವೇ ವಿಷಯವಾದಾಗ

ವಾಕ್ಯ ಎಡವಿದ್ದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ಸಿಗುವುದು ಕಷ್ಟ.

2010ರ ಬೇಸಿಗೆಯಲ್ಲಿ ನ್ಯೂಯಾರ್ಕ್ ಬಿಸಿಯಾಗಿತ್ತು. ಲೋವರ್ ಮ್ಯಾನ್‌ಹಟನ್‌ನ ಪಾರ್ಕ್ ಪ್ಲೇಸ್‌ನಲ್ಲಿ, ಅವಳಿ ಗೋಪುರ ಉರುಳಿದ ಜಾಗದಿಂದ (ಅದನ್ನೇ ಗ್ರೌಂಡ್ ಝೀರೋ ಎನ್ನುವುದು) ಎರಡು ಬೀದಿ ಆಚೆ, ಒಂದು ಇಸ್ಲಾಮಿಕ್ ಸಾಂಸ್ಕೃತಿಕ ಕೇಂದ್ರ ಕಟ್ಟುವ ಯೋಜನೆ. ಅಲ್ಲಿದ್ದ ಹಳೆಯ ಕಟ್ಟಡ ಒಂದು ಬಟ್ಟೆ ಅಂಗಡಿ. 2001ರ ಸೆಪ್ಟೆಂಬರ್ 11ರಂದು ವಿಮಾನದ ಚೂರು ಬಡಿದು ಅದರ ಚಾವಣಿಯೂ ತೂತಾಗಿತ್ತು. ಆಗಸ್ಟ್ 3ರಂದು ನಗರದ ಪಾರಂಪರಿಕ ಕಟ್ಟಡಗಳ ಆಯೋಗ ಆ ಕಟ್ಟಡಕ್ಕೆ ರಕ್ಷಣೆ ಬೇಕಿಲ್ಲ ಎಂದು 9-0 ಮತದಿಂದ ತೀರ್ಮಾನಿಸಿತು. ಮೇಯರ್ ಬ್ಲೂಮ್‌ಬರ್ಗ್ ಯೋಜನೆಯ ಬೆನ್ನಿಗೆ ನಿಂತರು. ಹತ್ತು ದಿನದ ಮೇಲೆ ಅಧ್ಯಕ್ಷ ಒಬಾಮ ಶ್ವೇತಭವನದ ಇಫ್ತಾರ್ ಕೂಟದಲ್ಲಿ ಮುಸ್ಲಿಮರಿಗೆ ಆ ಹಕ್ಕಿದೆ ಎಂದರು. ಮಾರನೇ ದಿನವೇ, ಅಲ್ಲಿ ಕಟ್ಟುವುದು ಜಾಣತನವೋ ಅಲ್ಲವೋ ಎಂಬುದರ ಬಗ್ಗೆ ನಾನು ಮಾತಾಡಿಲ್ಲ ಎಂದೂ ಸೇರಿಸಿದರು.

ಇಂಥ ಹೊತ್ತಲ್ಲಿ ನವೆಂಬರ್ ತಿಂಗಳ ಪಬ್ಲಿಕ್ ಫೋರಂಗೆ ಬಂದ ವಿಷಯ: "ಗ್ರೌಂಡ್ ಝೀರೋ ಹತ್ತಿರ ಇಸ್ಲಾಮಿಕ್ ಸಾಂಸ್ಕೃತಿಕ ಕೇಂದ್ರ ಕಟ್ಟಬೇಕು." ಸುದ್ದಿಯ ಲೆಕ್ಕದಲ್ಲಿ ಇದಕ್ಕಿಂತ ತಾಜಾ ವಿಷಯ ಬೇಕೇ? ನಾಣ್ಯ ಚಿಮ್ಮಿ ನೋಡಿದರೆ ಮಾತ್ರ ಕಷ್ಟ ಗೊತ್ತಾಗುತ್ತದೆ. ವಿರೋಧದ ಕಡೆ ಬಿದ್ದವಳು ಮುಸ್ಲಿಂ ಹುಡುಗಿ ಎಂದುಕೊಳ್ಳಿ. ನಮ್ಮವರು ಅಲ್ಲಿ ಬರಬಾರದು ಎಂದು ನಾಲ್ಕು ನಿಮಿಷ ನಿಂತು ಹೇಳಬೇಕು. ಎದುರಿಗೆ ಸೆಪ್ಟೆಂಬರ್ 11ರಂದು ಮನೆಯವರನ್ನು ಕಳೆದುಕೊಂಡ ಹುಡುಗ ಕೂತಿದ್ದರೆ, ಪರದ ಕಡೆ ಬಿದ್ದ ಅವನ ಪಾಡು ಬೇರೆ.

ಆ ವಿಷಯ ನಿಲ್ಲಲಿಲ್ಲ. ಬದಲಿಗೆ ಬಂದ ವಾಕ್ಯ ಹೀಗಿತ್ತು: "ಹೈಸ್ಕೂಲು ಪಬ್ಲಿಕ್ ಫೋರಂ ಚರ್ಚೆಯ ವಿಷಯಗಳು ಸೂಕ್ಷ್ಮ ಧಾರ್ಮಿಕ ವಿಚಾರಗಳಿಗೆ ಕೈ ಹಾಕಬಾರದು." ವಿಷಯ ಆರಿಸುವ ಕಷ್ಟವನ್ನೇ ಮಕ್ಕಳ ಕೈಗೆ ವಿಷಯವಾಗಿ ಕೊಟ್ಟುಬಿಟ್ಟರು!

ಜಾಣ ಉಪಾಯ, ಒಪ್ಪಬೇಕು. ಆದರೆ ಅರ್ಧ ನುಣುಚಿಕೊಂಡ ಉಪಾಯ. ಸೂಕ್ಷ್ಮ ಧಾರ್ಮಿಕ ವಿಚಾರ ಎಂದರೆ ಯಾವುದು ಎಂದು ಯಾರಾದರೂ ಕೇಳಿದರೆ ಕೊಡುವ ಮೊದಲ ಉದಾಹರಣೆ ಯಾವುದಿರಬಹುದು? ಮುಂಬಾಗಿಲಲ್ಲಿ ಹೊರಗೆ ಹಾಕಿದ್ದು ಹಿತ್ತಿಲ ಬಾಗಿಲಿಂದ ಬಾರದೆ ಇರುತ್ತದೆಯೇ? ಒಬಾಮ ಎರಡು ದಿನದಲ್ಲಿ ಬಿಡಿಸಿಟ್ಟ ಎಳೆಯಲ್ಲೇ ಒಳ್ಳೆಯ ವಾಕ್ಯ ಇತ್ತು ಎನ್ನಿಸುತ್ತದೆ. ಕಾನೂನು ಕೊಟ್ಟ ಹಕ್ಕನ್ನು ಚಲಾಯಿಸುವಾಗ ಅಕ್ಕಪಕ್ಕದವರ ನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ? ಹೀಗೆ ಕೇಳಿದ್ದರೆ ಮಸೀದಿಯೂ ಉದಾಹರಣೆಯಾಗಿ ಬರುತ್ತಿತ್ತು, ಚರ್ಚ್, ಕಸಾಯಿಖಾನೆ, ಮದ್ಯದಂಗಡಿಯೂ ಬರುತ್ತಿದ್ದವು. ಯಾರು ಎಂಬುದು ಹಿಂದೆ ಸರಿದು ಯಾವ ತತ್ವ ಎಂಬುದು ಮುಂದೆ ಬರುತ್ತಿತ್ತು.

ಕೋಣೆಯಲ್ಲಿ ಯಾರು ಕೂತಿದ್ದಾರೆ?

ಎಲ್ಲ ಕಷ್ಟವೂ ಧರ್ಮದ್ದೇ ಅಲ್ಲ. 2012ರ ಜನವರಿ-ಫೆಬ್ರವರಿಯ ಲಿಂಕನ್-ಡಗ್ಲಸ್ ವಿಷಯ, ಮನೆಯಲ್ಲಿ ಪದೇ ಪದೇ ಹಿಂಸೆಗೆ ಒಳಗಾದವರು ಯೋಚಿಸಿಯೇ ಮಾರಕ ಬಲ ಬಳಸಿದರೆ ಅದು ನೈತಿಕವಾಗಿ ಒಪ್ಪತಕ್ಕದ್ದು ಎಂಬುದು. ನೀತಿಶಾಸ್ತ್ರದ ಕಣ್ಣಿಂದ ನೋಡಿದರೆ ಬಂಗಾರದಂಥ ವಿಷಯ. ಆತ್ಮರಕ್ಷಣೆ ಎಲ್ಲಿಗೆ ಮುಗಿಯುತ್ತದೆ? ಪೊಲೀಸರು ಬಾರದ ಮನೆಯಲ್ಲಿ ಕಾನೂನು ಯಾರದ್ದು? ನಿದ್ದೆಯಲ್ಲಿರುವವನನ್ನು ಕೊಲ್ಲುವುದು ರಕ್ಷಣೆಯೇ? ಎರಡೂ ಕಡೆ ವಾದಕ್ಕೆ ಬರ ಇಲ್ಲ.

ಆದರೆ ಈ ವಾದ ನಡೆಯುವುದು ಶನಿವಾರ ಯಾವುದೋ ಶಾಲೆಯ ಒಂದು ಕ್ಲಾಸ್‌ರೂಮಿನಲ್ಲಿ. ಎದುರಿಗೆ ಕೂತವಳು, ಹಿಂದಿನ ಬೆಂಚಿನಲ್ಲಿ ನೋಡಲು ಬಂದವನು, ತೀರ್ಪು ಬರೆಯುವ ಹೆಂಗಸು, ಇವರಲ್ಲಿ ಯಾರ ಮನೆಯಲ್ಲಿ ಏನಾಗಿದೆ ಎಂದು ಯಾರಿಗೂ ಗೊತ್ತಿಲ್ಲ. ಗೆಲ್ಲುವ ಹುರುಪಿನಲ್ಲಿ ಹದಿನಾರರ ಹುಡುಗ "ಅವಳು ಮನೆ ಬಿಟ್ಟು ಹೋಗಬಹುದಿತ್ತಲ್ಲ" ಅಂದುಬಿಡುತ್ತಾನೆ.

ಇಲ್ಲೂ ಎರಡು ನಿಲುವು. ಇಂಥ ವಿಷಯ ಬೇಡವೇ ಬೇಡ, ಸ್ಪರ್ಧೆಗೆ ಸಾವಿರ ವಿಷಯ ಇವೆ ಎನ್ನುವವರು ಒಂದು ಕಡೆ. ಕಷ್ಟ ಉಂಡವರೇ ಈ ವಿಷಯ ಮಾತಾಡಲಿ ಎಂದು ಕೇಳುತ್ತಾರೆ, ಮುಚ್ಚಿಟ್ಟರೆ ಹಿಂಸೆ ಮಾಡುವವನಿಗೇ ಲಾಭ ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತಿನಲ್ಲಿ ತೂಕ ಇದೆ. ಆದರೂ ಮಾತಾಡುವುದಕ್ಕೂ ಅಂಕಕ್ಕಾಗಿ ಮಾತಾಡುವುದಕ್ಕೂ ವ್ಯತ್ಯಾಸ ಇದೆಯಲ್ಲ. ಕ್ಲಾಸಿನಲ್ಲಿ ಟೀಚರ್ ಜತೆ ನಿಧಾನವಾಗಿ ಓದಬಹುದಾದ್ದನ್ನೆಲ್ಲ ಗಡಿಯಾರ ಇಟ್ಟುಕೊಂಡು ಆಡಲಾಗುವುದಿಲ್ಲ.

ಈ ಸ್ಪರ್ಧೆಯ ಹೆಸರಿನಲ್ಲೇ ಒಂದು ವ್ಯಂಗ್ಯ ಅಡಗಿದೆ. 1858ರಲ್ಲಿ ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಸ್ ಇಲಿನಾಯ್‌ನ ಏಳು ಊರುಗಳಲ್ಲಿ ಎದುರುಬದುರು ನಿಂತರು. ಒಬ್ಬರು ಒಂದು ಗಂಟೆ, ಇನ್ನೊಬ್ಬರು ಒಂದೂವರೆ ಗಂಟೆ, ಮೊದಲಿನವರು ಮತ್ತೆ ಅರ್ಧ ಗಂಟೆ. ವಿಷಯ ಮುಖ್ಯವಾಗಿ ಒಂದೇ: ಹೊಸ ಪ್ರಾಂತ್ಯಗಳಿಗೆ ಗುಲಾಮಗಿರಿ ಹರಡಬಹುದೇ? ಅಲ್ಲಿನ ಬಿಳಿಯರು ಮತ ಹಾಕಿ ತೀರ್ಮಾನಿಸಲಿ ಎಂಬುದು ಡಗ್ಲಸ್ ವಾದ. ಅವರ ಹೆಸರಿನ ಸ್ಪರ್ಧೆಯಲ್ಲಿ ಅವರ ವಾದವನ್ನು ಇವತ್ತು ಯಾವ ಮಗುವಿಗೂ ಯಾರೂ ಕೊಡುವುದಿಲ್ಲ. ಕೊಡಲೂಬಾರದು. ಆಗ ಅದು ಸೆನೆಟ್ ಚುನಾವಣೆಯ ವಿಷಯ. ಈಗ ಅದು ಮುಗಿದ ಮಾತು.

ಯಾವುದು ಮುಗಿದ ಮಾತು, ಯಾವುದು ಇನ್ನೂ ಚರ್ಚೆಗೆ ತೆರೆದಿರುವ ಮಾತು ಎಂದು ಗೆರೆ ಎಳೆಯುವುದೇ ಒಂದು ರಾಜಕೀಯ ಕೆಲಸ. ಗಡಿ ದಾಟಿ ಬಂದವರ ಹಕ್ಕು, ಲಿಂಗ ಬದಲಿಸಿಕೊಂಡವರ ಹಕ್ಕು, ಗರ್ಭಪಾತ, ಬಂದೂಕು, ಇವುಗಳಲ್ಲಿ ಒಬ್ಬರಿಗೆ ಮುಗಿದ ಮಾತಾಗಿ ಕಾಣುವುದು ಇನ್ನೊಬ್ಬರಿಗೆ ಈಗಷ್ಟೇ ಶುರುವಾದ ಮಾತು. ಸಮಿತಿ ಗೆರೆಯನ್ನು ಎಲ್ಲಿ ಎಳೆದರೂ ಬೈಗುಳ ತಪ್ಪಿದ್ದಲ್ಲ. 2018-19ರಲ್ಲಿ ಪಾಲಿಸಿ ಡಿಬೇಟ್‌ಗೆ ವಲಸೆಯ ವಿಷಯ ಬಂದಾಗ ವಾಕ್ಯ ಕಾನೂನುಬದ್ಧ ವಲಸೆಯ ಮೇಲಿನ ನಿರ್ಬಂಧ ಕಡಿಮೆ ಮಾಡಬೇಕು ಎಂದಿತ್ತು. ಅದೂ ನಾನು ಮೇಲೆ ಹೇಳಿದ ಬಗೆಯ ಕೆಲಸವೇ. ವೀಸಾ ಎಷ್ಟು, ಯಾರಿಗೆ, ಎಷ್ಟು ವರ್ಷ ಕಾಯಬೇಕು ಎಂಬುದರ ಮೇಲೆ ಜಗಳವಾಡಬಹುದು. ಕಾಗದಪತ್ರ ಇಲ್ಲದ ಮನೆಯ ಮಗು ತನ್ನ ಅಪ್ಪ ಅಮ್ಮನನ್ನು ಓಡಿಸಬೇಕು ಎಂದು ವಾದಿಸುವ ಪ್ರಸಂಗ ಕಡಿಮೆ.

ತೀರ್ಪುಗಾರರ ತಕರಾರು

ವಾಕ್ಯ ಎಷ್ಟೇ ಸಮತೂಕದ್ದಾದರೂ ತೀರ್ಪು ಬರೆಯುವವರು ವಾಲಿದ್ದರೆ ಏನು ಬಂತು? 2023ರಿಂದ ಅಮೆರಿಕದಲ್ಲಿ ಜೋರಾಗಿರುವ ಜಗಳ ಇದು. ಅಲ್ಲಿ ತೀರ್ಪುಗಾರರು ತಾವು ಹೇಗೆ ತೂಗುತ್ತೇವೆ ಎಂದು ಮೊದಲೇ ಆನ್‌ಲೈನ್‌ನಲ್ಲಿ ಬರೆದಿಡುವ ರೂಢಿ ಇದೆ. ಕೆಲವರು ತಮ್ಮ ರಾಜಕೀಯವನ್ನೇ ಅಲ್ಲಿ ಬರೆದುಕೊಂಡಿದ್ದಾರೆ, ಕೆಲವು ವಾದಗಳನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದಿದ್ದಾರೆ ಎಂದು ಬಲಪಂಥದ ಕಡೆಯವರು ಆರೋಪಿಸಿದರು. ನಾಲ್ಕಾರು ಜನರ ಬರಹ ತೋರಿಸಿ ಇಡೀ ವ್ಯವಸ್ಥೆಗೆ ಮಸಿ ಬಳಿಯಬೇಡಿ ಎಂದು ಇನ್ನೊಂದು ಕಡೆಯವರು ಅಂದರು. ಸಂಖ್ಯೆ ಎಷ್ಟೇ ಇರಲಿ, ಪರಿಣಾಮ ವಿಷಯದ ಆಯ್ಕೆಯ ಮೇಲೂ ಆಗುತ್ತದೆ. ತೀರ್ಪುಗಾರರ ಮೇಲೆ ನಂಬಿಕೆ ಇಲ್ಲದ ಕಡೆ ಕೋಚ್‌ಗಳು ಬಿಸಿ ವಿಷಯಕ್ಕೆ ಮತ ಹಾಕುವುದಿಲ್ಲ.

ಸುದ್ದಿ ಓಡುತ್ತದೆ, ವಾಕ್ಯ ನಿಲ್ಲುತ್ತದೆ

ವಿಷಯವನ್ನು ತಿಂಗಳುಗಟ್ಟಲೆ ಮೊದಲು ಆರಿಸುವುದಕ್ಕೆ ಕಾರಣ ಇದೆ. ಪುಸ್ತಕ ಹುಡುಕಬೇಕು, ಬೇಸಿಗೆ ಶಿಬಿರ ನಡೆಯಬೇಕು, ಲೈಬ್ರರಿ ಇಲ್ಲದ ಹಳ್ಳಿಶಾಲೆಗೂ ಸಮಯ ಸಿಗಬೇಕು. ಬೆಲೆಯೂ ಇದೆ. ಜಗತ್ತು ಅಷ್ಟು ದಿನ ಕಾಯುವುದಿಲ್ಲ.

2023ರ ವಸಂತದ ಹೊತ್ತಿಗೆ ಪಬ್ಲಿಕ್ ಫೋರಂಗೆ ಬಂದ ಒಂದು ವಿಷಯ ನಮಗೆ ಹತ್ತಿರದ್ದು: ಭಾರತವು ಆರ್ಟೆಮಿಸ್ ಒಪ್ಪಂದಕ್ಕೆ ಸಹಿ ಹಾಕಬೇಕು. ಚಂದ್ರನ ಮೇಲಿನ ಕೆಲಸಕ್ಕೆ ಅಮೆರಿಕ ಮುಂದಿಟ್ಟ ನಿಯಮಗಳು ಅವು. ಬೆಂಗಳೂರಿನ ಇಸ್ರೋ ನಾಸಾ ಜತೆ ಎಷ್ಟು ಹತ್ತಿರ ಹೋಗಬೇಕು, ರಷ್ಯಾದ ಹಳೇ ಸ್ನೇಹದ ಗತಿ ಏನು ಎಂದು ಅಮೆರಿಕದ ಮಕ್ಕಳು ತಲೆ ಕೆಡಿಸಿಕೊಂಡರು. ಆ ವಿಷಯದ ಅವಧಿ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ಜೂನ್‌ನಲ್ಲಿ ಭಾರತ ಸಹಿ ಹಾಕಿತು, ಒಪ್ಪಂದಕ್ಕೆ ಸೇರಿದ 27ನೇ ದೇಶವಾಯಿತು. ಸ್ವಲ್ಪ ಮುಂಚೆ ಹಾಕಿದ್ದರೆ ವಿರೋಧದ ಕಡೆಯವರ ಕಾಲಡಿಯ ನೆಲವೇ ಜಾರುತ್ತಿತ್ತು.

ಒಂದು ತಿಂಗಳ ವಿಷಯಕ್ಕೇ ಈ ಪಾಡಾದರೆ ಇಡೀ ವರ್ಷದ ವಿಷಯಕ್ಕೆ? 2024ರಲ್ಲಿ ಹಿಮ, ಹಡಗು, ಖನಿಜ, ಮೂಲನಿವಾಸಿಗಳ ಜೀವನ ಎಂದು ಓದಿಕೊಂಡಿದ್ದ ಆರ್ಕ್ಟಿಕ್ ಈಗ ಒಬ್ಬ ಅಧ್ಯಕ್ಷರ ಹೆಸರಿನ ಜತೆ ಅಂಟಿಕೊಂಡಿದೆ. ಇದರಿಂದ ಎರಡು ಪರಿಣಾಮ. ಒಂದು, ಪರ ಮಾತಾಡುವ ಮಗುವನ್ನು ತೀರ್ಪುಗಾರರು ತಿಳಿಯದೆಯೇ ಟ್ರಂಪ್ ಕಡೆಯವಳು ಎಂದು ನೋಡುವ ಅಪಾಯ. ಎರಡು, ವಿರೋಧದ ಕಡೆಗೆ ಸುಲಭದ ಅಸ್ತ್ರ: ಪೋಲಾರ್ ಸ್ಟಾರ್‌ಗೆ ಜತೆ ಹಡಗು ಬೇಕು ಎಂದವಳಿಗೂ ಡೆನ್ಮಾರ್ಕ್ ಜತೆ ಜಗಳ ತರುತ್ತೀಯಾ ಎಂದು ಕೇಳಬಹುದು. ವಾಕ್ಯ ಬರೆದವರು ಇದನ್ನು ಬಯಸಿರಲಿಲ್ಲ, ತಡೆಯುವುದು ಅವರ ಕೈಲೂ ಇರಲಿಲ್ಲ.

ಹಾಗಾದರೆ ತಣ್ಣನೆಯ ವಿಷಯವೇ ಒಳ್ಳೆಯದಾ?

ಇಷ್ಟು ರಗಳೆ ಯಾಕೆ, ಯಾರಿಗೂ ನೋವಾಗದ ವಿಷಯ ಕೊಟ್ಟರಾಯಿತು ಎನ್ನಬಹುದು. ಅದರ ಫಲ ನಮಗೆ ಚೆನ್ನಾಗಿ ಗೊತ್ತು. ಮೊಬೈಲ್ ವರವೋ ಶಾಪವೋ, ಖಡ್ಗ ಮೇಲೋ ಲೇಖನಿ ಮೇಲೋ, ಹಳ್ಳಿ ಮೇಲೋ ಪಟ್ಟಣ ಮೇಲೋ. ಯಾರ ಮುಖವೂ ಬಾಡುವುದಿಲ್ಲ, ನಿಜ. ಯಾರ ತಲೆಯೂ ಓಡುವುದಿಲ್ಲ. ಎರಡೂ ಕಡೆಯವರು ಕೊನೆಗೆ "ಮಿತವಾಗಿ ಬಳಸಿದರೆ ವರ" ಎಂಬಲ್ಲಿಗೆ ಬಂದು ಕೈಕುಲುಕುತ್ತಾರೆ. ಯಾವ ಸರ್ಕಾರವೂ, ಯಾವ ಬಜೆಟ್ಟೂ, ಯಾವ ಕಾನೂನೂ ಅಲ್ಲಿ ಕಾಣುವುದಿಲ್ಲ. ಮುಂದಿನ ವರ್ಷ ಅದೇ ಭಾಷಣವನ್ನು ತಮ್ಮ ಬಾಯಿಪಾಠ ಮಾಡುತ್ತಾನೆ.

ಅಮೆರಿಕದಲ್ಲೂ ಆ ಕಡೆಗೆ ಸೆಳೆತ ಇಲ್ಲದಿಲ್ಲ. ಅಲ್ಲಿ ಅದು ಇನ್ನೊಂದು ವೇಷದಲ್ಲಿ ಬರುತ್ತದೆ. ತಾಂತ್ರಿಕ ವಿಷಯದ ವೇಷ. 2024-25ರ ಪಾಲಿಸಿ ವಿಷಯ ಬೌದ್ಧಿಕ ಆಸ್ತಿ: ಕಾಪಿರೈಟ್, ಪೇಟೆಂಟ್, ಟ್ರೇಡ್‌ಮಾರ್ಕ್ ರಕ್ಷಣೆ ಬಿಗಿ ಮಾಡಬೇಕು ಎಂಬುದು. ಅದರ ಹಿಂದಿನ ವರ್ಷ ಆರ್ಥಿಕ ಅಸಮಾನತೆ ಇತ್ತು, ಎಲ್ಲರಿಗೂ ಉದ್ಯೋಗ ಖಾತ್ರಿ ಕೊಡಬೇಕೇ, ಕನಿಷ್ಠ ಆದಾಯ ಕೊಡಬೇಕೇ ಎಂಬ ಬಿಸಿ ಪ್ರಶ್ನೆ. ಬಿಸಿ, ತಣ್ಣಗೆ, ಮತ್ತೆ ಈಗ ತಾನಾಗಿಯೇ ಬಿಸಿಯಾದ ಆರ್ಕ್ಟಿಕ್. ಪೇಟೆಂಟ್ ವಿಷಯದಲ್ಲೂ ಇನ್ಸುಲಿನ್ ಬೆಲೆಯ ಪ್ರಶ್ನೆ ಇದೆ, ಎಐ ಕಂಪನಿಗಳು ಚಿತ್ರಕಾರರ ಕೆಲಸ ಎತ್ತಿಕೊಂಡ ಪ್ರಶ್ನೆ ಇದೆ, ಹಾಗಾಗಿ ಅದನ್ನು ಪೂರಾ ತಣ್ಣಗೆ ಎನ್ನುವುದೂ ಅನ್ಯಾಯವೇ. ಒಳ್ಳೆಯ ಕೋಚ್ ಸಿಕ್ಕರೆ ಮಕ್ಕಳು ಆ ಬೂದಿಯಡಿಯ ಕೆಂಡ ಕೆದಕುತ್ತಾರೆ. ಸಿಗದಿದ್ದರೆ ಪಾರಿಭಾಷಿಕ ಪದಗಳ ರಾಶಿಯಲ್ಲಿ ಹೂತುಹೋಗುತ್ತಾರೆ.

ಮತದಾನ ಎನ್ನುವುದೂ ಇಲ್ಲಿ ಎರಡಲಗಿನ ಕತ್ತಿ. ಮತ ಹಾಕುವವರಲ್ಲಿ ದೊಡ್ಡ ತಂಡ ಇರುವ ಶ್ರೀಮಂತ ಶಾಲೆಗಳೂ ಇವೆ, ಒಬ್ಬನೇ ಮೇಷ್ಟ್ರು ಶನಿವಾರ ತನ್ನ ಕಾರಲ್ಲಿ ಮಕ್ಕಳನ್ನು ಕರೆದೊಯ್ಯುವ ಶಾಲೆಗಳೂ ಇವೆ. ಪೋಷಕರ ದೂರು ಬಂದರೆ ಮೊದಲಿನವರಿಗೆ ಪ್ರಿನ್ಸಿಪಾಲರ ಬೆಂಬಲ ಸಿಗಬಹುದು. ಎರಡನೆಯವನ ಡಿಬೇಟ್ ಕ್ಲಬ್ಬೇ ಮುಚ್ಚಬಹುದು. ಅವನು ಮತಪತ್ರ ನೋಡುವಾಗ ಯಾವ ವಿಷಯ ಮಹತ್ವದ್ದು ಎಂಬುದಕ್ಕಿಂತ ಯಾವ ವಿಷಯಕ್ಕೆ ಫೋನ್ ಬರುವುದಿಲ್ಲ ಎಂದು ಯೋಚಿಸಿದರೆ ತಪ್ಪು ಹೇಳುವುದು ಕಷ್ಟ.

2025-26ರ ವಾಕ್ಯವಂತೂ ನಡುವೆ ಬದಲಾಗುವುದಿಲ್ಲ. ಜೂನ್‌ನಲ್ಲಿ ರಾಷ್ಟ್ರಮಟ್ಟದ ಕೊನೆಯ ಸುತ್ತು ಮುಗಿಯುವ ತನಕ "ತನ್ನ" ಎಂದರೆ ಎಲ್ಲಿಯವರೆಗೆ ಎಂದು ಕಿತ್ತಾಡುತ್ತಲೇ ಇರುತ್ತಾರೆ. ಆ ಹೊತ್ತಿಗೆ ಮುಂದಿನ ಆಗಸ್ಟ್ ಸಭೆಗೆ ವರದಿ ಬರೆಯುವ ಶಿಕ್ಷಕರ ಮೇಜಿನ ಮೇಲೆ ಇನ್ನೊಂದು ಖಾಲಿ ಹಾಳೆ ಇರುತ್ತದೆ, ಮೇಲ್ಗಡೆ "ಅಮೆರಿಕದ ಕೇಂದ್ರ ಸರ್ಕಾರವು" ಎಂದಷ್ಟೇ ಬರೆದು.